‘500/8 = 21’: ಸೈನ್ಯದಲ್ಲಿ ನರ್ಸಿಂಗ್ ಮಾಡಿದ ತಂದೆಯೊಬ್ಬರ ಮೊದಲ ಪುಣ್ಯಸ್ಮರಣೆ, ಒಂದು ಪ್ರಕರಣ ಅಧ್ಯಯನ

ಬೆಳಗಾವಿ ಜಿಲ್ಲೆ ಬೈಲಹೊಂಗಲ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಹತ್ತಿರದ ಒಂದು ಹಳ್ಳಿ. ತೀರಿಕೊಂಡವರು ಆರ್ಮಿ ಮೆಡಿಕಲ್ ಕೋರ್‌ನಲ್ಲಿ 26 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದು ನಾಯಬ್ ಸುಬೇದಾರ್ ಆಗಿ ನಿವೃತ್ತರಾದವರು. ಹುಟ್ಟಿದ್ದು 1963ರ ಜೂನ್. ಭರ್ತಿ 1982, ನಿವೃತ್ತಿ 2008, ಮನೆಯಲ್ಲೇ ಹೃದಯಾಘಾತದಿಂದ ಸಾವು 2024ರ ನವೆಂಬರ್. ಹಿಂದೆ ಉಳಿದವರು ಹೆಂಡತಿ, ಧಾರವಾಡದಲ್ಲಿ ಶಿಕ್ಷಕಿಯಾಗಿರುವ ಮಗಳು, ಹೊಲ-ಟ್ರ್ಯಾಕ್ಟರ್ ನೋಡಿಕೊಳ್ಳುವ ಮಗ. ಈ ಭಾಗದ ಮಾಜಿ ಸೈನಿಕರ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಯೊಳಗೆ ಕೂಡಿಸಿ ಬರೆದ ಮಾದರಿ ಪ್ರಕರಣವಿದು. ಆದ್ದರಿಂದ ಹೆಸರುಗಳಿಲ್ಲ.

ಮೊದಲ ಪುಣ್ಯಸ್ಮರಣೆಗೆ ಎರಡು ತಿಂಗಳು ಉಳಿದಿತ್ತು. ಮಕ್ಕಳಿಗೆ ಬೇಕಾಗಿದ್ದದ್ದು ಮೂರು: ಊರ ಅಗಸಿಯಲ್ಲಿ ಕಟ್ಟಲು ಒಂದು ಫ್ಲೆಕ್ಸು, ಬಂದವರ ಕೈಗೆ ಕೊಡಲು ಒಂದು ಸಣ್ಣ ಪುಸ್ತಿಕೆ, ಪಡಸಾಲೆಯ ಗೋಡೆಗೆ ಪದಕಗಳ ಚೌಕಟ್ಟು. ತೊಡಕು ಏನೆಂದರೆ, ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದರಲ್ಲಿ ಅವರ ತಪ್ಪಿಲ್ಲ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಸಿಕ್ಕಿದ ವರ್ಷದಲ್ಲಿ ಕೂಡ ಮಕ್ಕಳಿಗೆ ಅಪ್ಪ ಸಿಗುವುದು 90 ದಿನ. ಆ ದಿನಗಳಲ್ಲಿ ಅವರು ಬಾವಿ, ಬಣವೆ, ಮದುವೆ, ಶಾಲೆಯ ಫೀಸು ಇವುಗಳಲ್ಲೇ ಮುಳುಗಿರುತ್ತಾರೆ. ಬಂದೂಕು ಹಿಡಿದವರು ಕಟ್ಟೆಯ ಮೇಲೆ ಕೂತು ಹೇಳಲು ಕತೆ ಇರುತ್ತದೆ. ಬೆಡ್‌ಪ್ಯಾನ್ ಹಿಡಿದವರು ಅಂಥ ಕತೆ ಹೇಳುವುದು ಕಡಿಮೆ.

ಮೊದಲ ಕರಡು

ಬಜಾರದ ಅಂಗಡಿಯೊಂದು ತಯಾರಿಸಿ ಕಳಿಸಿದ ಫ್ಲೆಕ್ಸಿನ ಕರಡಿನಲ್ಲಿ ಹಿಮಪರ್ವತ, ಟ್ಯಾಂಕು, ಬಂದೂಕು ಎಲ್ಲ ಇದ್ದವು. ಮೇಲೆ ‘ಹುತಾತ್ಮ ವೀರಯೋಧ ಡಾ.’ ಎಂದು ಶುರುವಾಗಿ ಹೆಸರು. ಎರಡು ಮೂಲೆಗೆ ಕೆಂಪು ಶಿಲುಬೆ. ನಡುವೆ ಸಮವಸ್ತ್ರದ ಫೋಟೊ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಒಂದೊಂದೂ ತಿದ್ದಬೇಕಾದದ್ದು.

ಹುತಾತ್ಮ ಎಂಬ ಮಾತು ಕರ್ತವ್ಯದಲ್ಲಿ ಪ್ರಾಣ ಕೊಟ್ಟವರದು. ನಿವೃತ್ತಿಯಾಗಿ 16 ವರ್ಷದ ಮೇಲೆ ಮನೆಯಲ್ಲಿ ತೀರಿಕೊಂಡವರಿಗೆ ‘ಮಾಜಿ ಸೈನಿಕ’ ಎಂಬುದೇ ಪೂರ್ಣ ಗೌರವದ ಪದ. ಹುತಾತ್ಮ ಎಂದು ಬರೆದರೆ ನಿಜವಾಗಿ ಮಗನನ್ನು ಕಳೆದುಕೊಂಡ ಪಕ್ಕದೂರಿನ ತಾಯಿಯ ಮುಂದೆ ಆ ಫ್ಲೆಕ್ಸು ನಿಲ್ಲುವುದಿಲ್ಲ. ಇನ್ನೊಂದು ತೊಂದರೆಯೂ ಇದೆ: ಅದೇ ಒಕ್ಕಣೆ ಮುಂದೆ ಅರ್ಜಿಗಳಿಗೂ ಹತ್ತಿಕೊಂಡು ಬಂದು ಕಚೇರಿಯಲ್ಲಿ ಇಲ್ಲದ ಅನುಮಾನ ಹುಟ್ಟಿಸುತ್ತದೆ.

‘ಡಾ.’ ಬಂದದ್ದು ಊರವರ ಬಾಯಿಂದ. ಮಂದಿ ಅವರನ್ನು ‘ಮಿಲ್ಟ್ರಿ ಡಾಕ್ಟ್ರು’ ಎನ್ನುತ್ತಿದ್ದರು. ಇಲ್ಲಿ ಸೈನ್ಯದ ವೈದ್ಯಕೀಯ ಸೇವೆ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ತಿಳಿದುಕೊಳ್ಳಲೇಬೇಕು. ವೈದ್ಯರು ಆರ್ಮಿ ಮೆಡಿಕಲ್ ಕೋರ್‌ನ ಅಧಿಕಾರಿಗಳು. ಈ ಕೋರ್ ಈಗಿನ ರೂಪಕ್ಕೆ ಬಂದದ್ದು 1943ರ ಏಪ್ರಿಲ್ 3ರಂದು. ಅದರ ಕೇಂದ್ರ ಲಖನೌದಲ್ಲಿದೆ, ಧ್ಯೇಯವಾಕ್ಯ ‘ಸರ್ವೇ ಸಂತು ನಿರಾಮಯಾಃ’. ಮಿಲಿಟರಿ ನರ್ಸಿಂಗ್ ಸರ್ವಿಸ್ ಎಂಬುದು ಬೇರೆಯದೇ ಅಂಗ. 1888ರ ಮಾರ್ಚ್ 28ರಂದು ಹತ್ತು ಮಂದಿ ದಾದಿಯರು ಮುಂಬಯಿಗೆ ಬಂದಿಳಿದದ್ದು ಅದರ ಮೂಲ. ಅದರಲ್ಲಿರುವವರು ಮಹಿಳೆಯರು ಮಾತ್ರ, ಎಲ್ಲರೂ ಅಧಿಕಾರಿಗಳೇ. ಹಾಗಾದರೆ ಸೈನ್ಯದಲ್ಲಿ ರೋಗಿಯ ಮಗ್ಗುಲಲ್ಲಿ ನಿಲ್ಲುವ ಗಂಡಸರು ಯಾರು? ಮೆಡಿಕಲ್ ಕೋರ್‌ನ ಸೈನಿಕರು, ನರ್ಸಿಂಗ್ ಅಸಿಸ್ಟೆಂಟ್ ಎಂಬ ಟ್ರೇಡಿನವರು, ಅಂದರೆ ಆ ಕಸುಬಿಗೆ ಭರ್ತಿಯಾದವರು. ಸಿಪಾಯಿಯಾಗಿ ಸೇರಿ ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್ ಎಂದು ಏರುತ್ತಾರೆ. ಮಿಲಿಟರಿ ಆಸ್ಪತ್ರೆಯ ವಾರ್ಡಿನಲ್ಲೂ ಇರುತ್ತಾರೆ, ಪಲ್ಟನ್ನಿನ ಜೊತೆ ಮುಂಚೂಣಿಯ ಪ್ರಥಮ ಚಿಕಿತ್ಸೆಯ ಠಾಣೆಯಾದ ರೆಜಿಮೆಂಟಲ್ ಏಡ್ ಪೋಸ್ಟಿನಲ್ಲೂ ಇರುತ್ತಾರೆ. ಗಾಯಗೊಂಡವನನ್ನು ಮೊದಲು ಮುಟ್ಟುವ ಕೈ ಬಹಳ ಸಲ ಇವರದೇ. ಆದ್ದರಿಂದ ಪುಸ್ತಿಕೆಯಲ್ಲಿ ‘ಊರವರು ಪ್ರೀತಿಯಿಂದ ಮಿಲ್ಟ್ರಿ ಡಾಕ್ಟ್ರು ಎನ್ನುತ್ತಿದ್ದರು’ ಎಂದು ಒಂದು ಸಾಲು ಉಳಿಸಿ, ಹೆಸರಿನ ಹಿಂದಿನ ‘ಡಾ.’ ತೆಗೆದು, ಕೆಳಗೆ ‘ನಾಯಬ್ ಸುಬೇದಾರ್ (ನರ್ಸಿಂಗ್ ಅಸಿಸ್ಟೆಂಟ್), ಆರ್ಮಿ ಮೆಡಿಕಲ್ ಕೋರ್’ ಎಂದು ಹಾಕಲಾಯಿತು. ನರ್ಸ್ ಎಂಬ ಪದ ಗಂಡಸಿಗೆ ಕಡಿಮೆಯಾಯಿತೇನೋ ಎಂದು ಮಗ ಹಿಂಜರಿದ. ಹಿಂಜರಿಯುವಂಥದು ಅದರಲ್ಲಿ ಏನೂ ಇಲ್ಲ.

ಕೆಂಪು ಶಿಲುಬೆ ಯುದ್ಧಕಾಲದ ರಕ್ಷಣಾ ಚಿಹ್ನೆ. ವೈದ್ಯಕೀಯ ಸಿಬ್ಬಂದಿ ಅದನ್ನು ಎಡತೋಳಿಗೆ ಪಟ್ಟಿಯಾಗಿ ಕಟ್ಟಿಕೊಳ್ಳುವುದು ತಮ್ಮ ಮೇಲೆ, ತಮ್ಮ ರೋಗಿಗಳ ಮೇಲೆ ಗುಂಡು ಬೀಳದಿರಲೆಂದು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಯಾರೂ ಬಳಸುವಂತಿಲ್ಲ. ಅಲಂಕಾರಕ್ಕಂತೂ ಅಲ್ಲವೇ ಅಲ್ಲ. ರಾಷ್ಟ್ರಧ್ವಜದ ಮಾತೂ ಬಂತು: ಭಾವಚಿತ್ರಕ್ಕೆ ತ್ರಿವರ್ಣ ಹೊದಿಸಬೇಕೆಂದು ಒಬ್ಬರು ಸೂಚಿಸಿದರು. 2002ರ ಧ್ವಜ ಸಂಹಿತೆ ಧ್ವಜವನ್ನು ಹೊದಿಕೆಯಾಗಿ ಬಳಸಲು ಬಿಡುವುದು ಸರ್ಕಾರಿ, ಸೈನಿಕ ಮತ್ತು ಅರೆಸೈನಿಕ ಗೌರವದ ಅಂತ್ಯಸಂಸ್ಕಾರದಲ್ಲಿ ಮಾತ್ರ. ಆಗಲೂ ಕೇಸರಿ ತಲೆಯ ಕಡೆಗೆ ಇರಬೇಕು. ಧ್ವಜವನ್ನು ಗುಳಿಯಲ್ಲಿ ಇಳಿಸಬಾರದು, ಚಿತೆಯಲ್ಲಿ ಸುಡಬಾರದು.

ಕೊನೆಯದು ಫೋಟೊ. ಇದನ್ನು ಯಾರೂ ಗಮನಿಸಿರಲಿಲ್ಲ. ಸಮವಸ್ತ್ರದಲ್ಲಿ ಪದಕದ ರಿಬ್ಬನ್ನುಗಳು ಎಡ ಎದೆಯ ಮೇಲೆ, ಹೆಸರಿನ ಪಟ್ಟಿ ಬಲಕ್ಕೆ. ಎಂದರೆ ಎದುರಿನಿಂದ ನೋಡುವವರಿಗೆ ರಿಬ್ಬನ್ನು ತಮ್ಮ ಬಲಗೈ ಕಡೆ ಕಾಣಬೇಕು. ಕರಡಿನಲ್ಲಿ ಅವು ಎಡಗೈ ಕಡೆ ಇದ್ದವು. ವಿನ್ಯಾಸಕ್ಕೆ ಹೊಂದಲಿ ಎಂದು ಚಿತ್ರವನ್ನು ಕನ್ನಡಿಯಂತೆ ತಿರುವಿದ್ದರು. ಮುಖವೂ ತಿರುಗಿತ್ತು, ಬೈತಲೆ ಆ ಕಡೆಯಿಂದ ಈ ಕಡೆಗೆ ಬಂದಿತ್ತು. ‘ಹಿಂಗ್ ಇರಲಿಲ್ಲ ಅವರು’ ಎಂದು ಹೆಂಡತಿ ಮೊದಲ ದಿನವೇ ಅಂದಿದ್ದರಂತೆ. ಏಕೆಂದು ಹೇಳಲು ಅವರಿಗೆ ಆಗಿರಲಿಲ್ಲ.

ಟ್ರಂಕು

ಬೇಕಾದ ಉತ್ತರವೆಲ್ಲ ಅಟ್ಟದ ಮೇಲಿನ ಕಪ್ಪು ಟ್ರಂಕಿನಲ್ಲಿತ್ತು. ಇಂಥ ಟ್ರಂಕು ತೆರೆಯುವಾಗ ಮಾಡುವ ಮೊದಲ ತಪ್ಪು ಎಲ್ಲವನ್ನೂ ಸುರುವಿ, ಒರೆಸಿ, ಹೊಂದಿಸಿಡುವುದು. ಯಾವುದರ ಜೊತೆ ಯಾವುದು ಇತ್ತು ಎಂಬುದೇ ಅರ್ಧ ಮಾಹಿತಿ. ನೆಲದ ಮೇಲೆ ಬಿಳಿ ಧೋತರ ಹಾಸಿ, ಒಂದೊಂದು ಪದರ ಎತ್ತುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರತಿ ಕಟ್ಟಿಗೂ ಪೆನ್ಸಿಲಿನಿಂದ ನಂಬರು ಬರೆದ ಚೀಟಿ ಇಟ್ಟರೆ ಸಾಕು. ಪೆನ್ನು ಬೇಡ, ಅಂಟುಪಟ್ಟಿ ಬೇಡ, ಸ್ಟೇಪಲ್ ಪಿನ್ನು ಬೇಡವೇ ಬೇಡ.

ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಪಿಂಚಣಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಬೇರೆಯೇ ನಂಬರು. ಯಾವುದೋ ಒಂದು ತಪ್ಪು ಎಂದು ಮನೆಯವರು ಎಣಿಸಿದ್ದರು. ಎರಡೂ ಸರಿ. ಸಿಪಾಯಿಯಾಗಿ ಸೇರಿದಾಗ ಕೊಟ್ಟ ನಂಬರು ಅಂಕಿಗಳಾಗಿ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ನಾಯಬ್ ಸುಬೇದಾರ್ ಆದಾಗ ‘ಜೆಸಿ’ ಎಂದು ಶುರುವಾಗುವ ಹೊಸ ನಂಬರು ಬರುತ್ತದೆ. ಸೇವಾ ದಾಖಲೆ ಇಡುವ ಲಖನೌದ ರೆಕಾರ್ಡ್ ಆಫೀಸಿಗೆ ಏನೇ ಬರೆದರೂ ಎರಡನ್ನೂ ಬರೆಯಬೇಕು, ಕೊನೆಯ ಅಕ್ಷರವನ್ನು ಬಿಡಬಾರದು. ಅಕ್ಷರ ಬಿಟ್ಟ ಅರ್ಜಿ ಮರಳಿ ಬರುವ ಸಂಭವ ಹೆಚ್ಚು.

ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಬುಕ್. ಭರ್ತಿ ಮತ್ತು ಬಿಡುಗಡೆಯ ದಿನ, ಟ್ರೇಡು, ಪಾಸಾದ ಕೋರ್ಸು, ಪದಕಗಳು, ಹೆಂಡತಿ-ಮಕ್ಕಳ ಹೆಸರು, ಗುರುತಿನ ಮಚ್ಚೆ, ನಡತೆ ಇಷ್ಟೂ ಅದರಲ್ಲಿ. ಮೂಲ ಪುಸ್ತಕವನ್ನು ಯಾರ ಕೈಗೂ ಬಿಟ್ಟುಬರಬಾರದು. ಈ ಮನೆಯಲ್ಲಿ ಅದನ್ನು ಒಬ್ಬ ಮಧ್ಯವರ್ತಿಗೆ ಕೊಟ್ಟು, ಏಳು ತಿಂಗಳ ಮೇಲೆ ಎರಡು ಹಾಳೆ ಕಿತ್ತ ಸ್ಥಿತಿಯಲ್ಲಿ ಮರಳಿ ಪಡೆದಿದ್ದರು. ರಕ್ಷಾಪುಟದಿಂದ ರಕ್ಷಾಪುಟದವರೆಗೆ, ಖಾಲಿ ಹಾಳೆಯನ್ನೂ ಬಿಡದೆ ಸ್ಕ್ಯಾನ್ ಮಾಡಿಸಿ ಇಬ್ಬರು ಮಕ್ಕಳ ಹತ್ತಿರ ಒಂದೊಂದು ಪ್ರತಿ ಇರಬೇಕು. ಕಚೇರಿಗೆ ಹೋಗುವುದು ದೃಢೀಕರಿಸಿದ ನಕಲು.

ಪದಕ ಆರು. ಭಾರತೀಯ ಸೈನ್ಯದ ಪದಕದ ಅಂಚನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರೆ ನಂಬರು, ಹುದ್ದೆ, ಹೆಸರು ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ಬರಿಗಣ್ಣಿಗೆ ಕಷ್ಟ, ಮೊಬೈಲಿನ ಕ್ಯಾಮೆರಾ ಹತ್ತಿರ ಹಿಡಿದು, ಪಕ್ಕದಿಂದ ಬ್ಯಾಟರಿ ಬೆಳಕು ಬಿಟ್ಟರೆ ಸ್ಪಷ್ಟವಾಗಿ ಬರುತ್ತದೆ. ಬೇರೆ ಬೇರೆ ಕಾಲದ ಪದಕದ ಮೇಲೆ ಬೇರೆ ಬೇರೆ ಹುದ್ದೆ ಇರುವುದು ಸಹಜ. ಹಬ್ಬದ ಮುಂಚೆ ದೀಪದ ಸಮೆ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಚ್ಚಿ ಪದಕ ತಿಕ್ಕುವವರಿದ್ದಾರೆ. ಹಾಗೆ ತಿಕ್ಕಿದ ಪದಕದಲ್ಲಿ ಮೊದಲು ಸವೆಯುವುದು ಅಂಚಿನ ಮೇಲಿನ ಹೆಸರು. ಮೆತ್ತಗಿನ ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಈ ಆರರಲ್ಲಿ ಮಾತಾಡಿದ್ದು ಎರಡು. ಒಂದು ಸ್ಪೆಷಲ್ ಸರ್ವಿಸ್ ಮೆಡಲ್. ಅದರ ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿಯಲ್ಲಿ ‘ಶ್ರೀಲಂಕಾ’ ಎಂದಿದೆ. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿದ್ದಾಗ ಇವರೂ ಅಲ್ಲಿದ್ದರು ಎಂದು ಅದರ ಅರ್ಥ. ಮಗ ಚಿಕ್ಕವನಿದ್ದಾಗ ಲಂಕಾ ಅಂದದ್ದು ಕೇಳಿ ತಿರುಗಾಡಲು ಹೋಗಿದ್ದರೆಂದೇ ತಿಳಿದಿದ್ದ. ಇನ್ನೊಂದು ಸಿಯಾಚಿನ್ ಗ್ಲೇಸಿಯರ್ ಮೆಡಲ್. ಉಳಿದವು ‘ಜಮ್ಮು-ಕಾಶ್ಮೀರ’ ಪಟ್ಟಿಯ ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್, 20 ವರ್ಷದ ಮತ್ತು 9 ವರ್ಷದ ದೀರ್ಘಸೇವಾ ಮೆಡಲ್. ಚೌಕಟ್ಟಿನಲ್ಲಿ ಇಡುವ ಕ್ರಮವೂ ಇದೇ ಆಗಬೇಕು: ಸ್ಪೆಷಲ್ ಸರ್ವಿಸ್, ಸಿಯಾಚಿನ್, ಸೈನ್ಯ ಸೇವಾ, 50ನೇ ವರ್ಷ, 20, 9. ನೋಡುವವರ ಎಡದಿಂದ ಬಲಕ್ಕೆ. ಹೊಳಪು ನೋಡಿ ಅಂಗಡಿಯವರು ಹೊಂದಿಸಿದರೆ ಕ್ರಮ ಕೆಡುತ್ತದೆ. ಪದಕವನ್ನು ಫೆವಿಕಾಲಿನಿಂದ ಅಂಟಿಸಬಾರದು. ರಿಬ್ಬನ್ನನ್ನು ಹತ್ತಿಯ ದಾರದಿಂದ ಬಟ್ಟೆಗೆ ಹೊಲಿದು, ಪದಕ ಮತ್ತು ಗಾಜಿನ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ರಿಬ್ಬನ್ನಿನ ಬಣ್ಣ ಹಾರುತ್ತದೆ.

ಕಾಗದಗಳು

ನೂರಕ್ಕೂ ಹೆಚ್ಚು ಇನ್‌ಲ್ಯಾಂಡ್ ಪತ್ರಗಳನ್ನು ಹೆಂಡತಿ ಸೀರೆಯ ಅಂಚಿನಿಂದ ಕಟ್ಟಿಟ್ಟಿದ್ದರು. ಸೈನಿಕನ ಪತ್ರದಲ್ಲಿ ಊರಿನ ಹೆಸರು ಸಿಗುವುದಿಲ್ಲ. ವಿಳಾಸ ‘56 ಎಪಿಒ’ ಅಥವಾ ‘99 ಎಪಿಒ’ (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ. ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ಅಂಕಿ ಇರುತ್ತದೆ, ಸ್ಥಳ ಗೊತ್ತಾಗಬಾರದೆಂದೇ ಹಾಗೆ. ಆದ್ದರಿಂದ ಪತ್ರಗಳನ್ನು ಮುದ್ರೆಯ ದಿನಾಂಕದಂತೆ ಜೋಡಿಸಿ, ಪಕ್ಕದಲ್ಲಿ ಡಿಸ್ಚಾರ್ಜ್ ಬುಕ್ಕಿನ ದಿನಾಂಕ, ಫೋಟೊಗಳ ಬೆನ್ನಿಗೆ ಒತ್ತಿದ ಸ್ಟುಡಿಯೊದ ಸೀಲು, ಫೋಟೊದಲ್ಲಿನ ತೋಳಿನ ಪಟ್ಟಿ ಇಟ್ಟು ನೋಡಬೇಕು. ತೋಳಿಗೆ ಎರಡು ಪಟ್ಟಿ ಇದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಇಷ್ಟರಿಂದ ಪುಸ್ತಿಕೆಗೆ ಬೇಕಾದ ಕಾಲಪಟ್ಟಿ ತಯಾರಾಯಿತು. ಗೊತ್ತಾಗದ ವರ್ಷಗಳನ್ನು ಖಾಲಿ ಬಿಟ್ಟರು, ಊಹಿಸಿ ತುಂಬಲಿಲ್ಲ.

ಪತ್ರಗಳನ್ನು ಓದುತ್ತಾ ಮಗಳಿಗೆ ಒಂದು ವಿಷಯ ಹೊಳೆಯಿತು. ಪ್ರತಿ ವರ್ಷ ಮೇ ತಿಂಗಳ ಕೊನೆಯ ಪತ್ರದಲ್ಲಿ ಒಂದೇ ವಾಕ್ಯಗಳು ಮತ್ತೆ ಬರುತ್ತವೆ: ಕಾಯಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಚಮಚ, ಉಪ್ಪು ಅರ್ಧ ಚಮಚ. ಚಹಾದ ಚಮಚ, ಗೋಪುರ ಮಾಡದೆ ಸಪಾಟಾಗಿ ತುಂಬಿದ್ದು. ಕುಡಿಸುವ ಮುಂಚೆ ನೀನು ರುಚಿ ನೋಡು, ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಹೊಸದು ಮಾಡು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸು. ಒಂದು ದಿನಕ್ಕಿಂತ ಹೆಚ್ಚು ಇಡಬೇಡ.

ಮೇ ತಿಂಗಳೇ ಏಕೆ? ಅಲ್ಲಿಂದ ಪತ್ರ ಬಂದು ಮುಟ್ಟಲು ಹತ್ತು ಹನ್ನೆರಡು ದಿನ. ಮಗುವಿಗೆ ಭೇದಿ ಹತ್ತಿದ ಸುದ್ದಿ ಹೋಗಿ, ಉತ್ತರ ಬರುವಷ್ಟರಲ್ಲಿ ಮಗು ಉಳಿದಿರುತ್ತದೆ ಇಲ್ಲವೇ ಹೋಗಿರುತ್ತದೆ. ಮಲಪ್ರಭೆಗೆ ಹೊಸ ನೀರು ಬರುವ ಮುಂಚೆ, ಬಾವಿ ಕದಡುವ ಮುಂಚೆ ಪತ್ರ ಮನೆಯಲ್ಲಿರಬೇಕೆಂದು ಅವರ ಲೆಕ್ಕ. ಉಪ್ಪಿನ ಎಚ್ಚರಿಕೆಯೂ ಸುಮ್ಮನೆ ಬರೆದದ್ದಲ್ಲ: ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಸೆಳೆತ ಬರಬಹುದು; ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ; ಸರಿ ಪ್ರಮಾಣದಲ್ಲಿದ್ದಾಗ ಸಕ್ಕರೆ ಕರುಳಿನೊಳಗೆ ಉಪ್ಪನ್ನೂ ನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಎಂಟು ವರ್ಷದ ಎಂಟು ಮೇ ಪತ್ರಗಳು ಸಿಕ್ಕವು. ಅಪ್ಪ ದೂರವಿದ್ದೂ ಹೇಗೆ ಮನೆಯಲ್ಲಿದ್ದರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಪುಸ್ತಿಕೆಯ ನಡುಹಾಳೆಗೆ ಅವುಗಳಲ್ಲಿ ಒಂದರ ಫೋಟೊ ಹಾಗೆಯೇ ಹೋಯಿತು.

ನೋಟ್‌ಬುಕ್ಕು

ಖಾಕಿ ರಟ್ಟಿನ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಅಂಕಿಗಳು. ‘500/8 = 21’, ‘1000/8 = 42’, ‘500/4 = 42’. ತೀರಿಕೊಂಡವರ ತಮ್ಮ, ಮಕ್ಕಳ ಕಾಕಾ, ಅದನ್ನು ನೋಡಿ ಯಾರಿಗೋ ಬಡ್ಡಿಗೆ ಹಣ ಕೊಟ್ಟಿರಬೇಕು, ವಸೂಲಿ ಮಾಡಬೇಕು ಎಂದರು. ಎರಡು ದಿನ ಮನೆಯಲ್ಲಿ ಅದೇ ಮಾತು. ಆಸ್ಪತ್ರೆಯೊಂದರ ನಿವೃತ್ತ ವಾರ್ಡ್ ಸಿಸ್ಟರ್ ಒಬ್ಬರಿಗೆ ತೋರಿಸಿದಾಗ ಅವರು ಓದಿದ್ದು ಬೇರೆ: ಸಲಾಯಿನ್ ಹನಿಯ ಲೆಕ್ಕ.

500 ಮಿಲಿಲೀಟರ್ ಸಲಾಯಿನ್ 8 ತಾಸಿನಲ್ಲಿ ಹೋಗಬೇಕು. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿ ಕೂಡಿದರೆ 1 ಮಿಲಿಲೀಟರ್. 500 ಗುಣಿಲೆ 20, ಅಂದರೆ 10,000 ಹನಿ. 8 ತಾಸು ಎಂದರೆ 480 ನಿಮಿಷ. ಭಾಗಿಸಿದರೆ 20.8, ನಿಮಿಷಕ್ಕೆ 21 ಹನಿ. ಬಾಟಲಿ ಅದೇ ಇದ್ದು ನಾಲ್ಕೇ ತಾಸು ಎಂದರೆ 42. ಮಕ್ಕಳಿಗೆ ಬಳಸುವ ಮೈಕ್ರೊ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿಲೀಟರ್, ಆದ್ದರಿಂದ ‘ಎಂ’ ಎಂದು ಗುರುತು ಹಾಕಿದ ಪುಟದ ಅಂಕಿಗಳು ಬೇರೆ: 100 ಮಿಲಿಲೀಟರ್ 4 ತಾಸಿಗೆ ನಿಮಿಷಕ್ಕೆ 25.

ಪಂಪು ಇಲ್ಲದ ಟೆಂಟಿನಲ್ಲಿ ಇದನ್ನು ಮಾಡುವುದು ಹೀಗೆ. ಗಡಿಯಾರ ಕಟ್ಟಿದ ಕೈಯನ್ನು ಹನಿ ಬೀಳುವ ಕೊಳವೆಯ ಪಕ್ಕಕ್ಕೆ ಒಯ್ದು, ಮುಳ್ಳು ಮತ್ತು ಹನಿ ಎರಡೂ ಒಟ್ಟಿಗೆ ಕಾಣುವಂತೆ ಹಿಡಿಯಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು; 21 ಬೇಕೆಂದರೆ 15 ಸೆಕೆಂಡಿಗೆ ಐದು ಹನಿ, ಆಗೊಮ್ಮೆ ಈಗೊಮ್ಮೆ ಆರು. ಕೊಳವೆಯ ಮೇಲಿನ ಗಾಲಿಯನ್ನು ಬೆರಳಿನಿಂದ ಹೊರಳಿಸಿ ಬಿಗಿ ಮಾಡಿ, ಒಂದು ನಿಮಿಷ ಪೂರ್ತಿ ಎಣಿಸಿ ಖಾತ್ರಿ ಮಾಡಬೇಕು. ಕಾಲು ತಾಸಿನ ಮೇಲೆ ಮತ್ತೆ ಎಣಿಸಬೇಕು, ಏಕೆಂದರೆ ರೋಗಿ ಕೈ ಮಡಚಿದರೆ ವೇಗ ಇಳಿಯುತ್ತದೆ, ಬಾಟಲಿ ಎತ್ತರಕ್ಕೆ ಕಟ್ಟಿದರೆ ಏರುತ್ತದೆ. ಹೆಚ್ಚು ಓಡಿದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಅದರಲ್ಲೂ ಹೃದಯ ದುರ್ಬಲ ಇದ್ದವರಿಗೆ. ತೀರಾ ನಿಧಾನವಾದರೆ ಸೂಜಿಯ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ ಲೈನು ನಿಲ್ಲುತ್ತದೆ, ಮತ್ತೊಂದು ರಕ್ತನಾಳ ಹುಡುಕಬೇಕು. ಇಪ್ಪತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಪಾಳಿಯವನು ಇದನ್ನೇ ಮಾಡುತ್ತಾ ಬೆಳಗು ಮಾಡುತ್ತಾನೆ. ಕಾಕಾ ಅವರಿಗೆ ಇದನ್ನು ವಿವರಿಸಿದ ಮೇಲೆ ಅವರು ಆ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತರು.

ಇನ್ನೊಂದು ಪುಟದಲ್ಲಿ ‘37-39, 30 ಮಿ., ತಿಕ್ಕಬಾರದು’. ಇದು ಹಿಮಗಡಿತದ್ದು. ಹೆಪ್ಪುಗಟ್ಟಿದ ಬೆರಳನ್ನು 37ರಿಂದ 39 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ನೀರಿನಲ್ಲಿ ಸುಮಾರು 30 ನಿಮಿಷ ಇಡಬೇಕು. ಬೆಂಕಿಗೆ ಹಿಡಿಯಬಾರದು, ಸ್ಪರ್ಶ ಸತ್ತಿರುವುದರಿಂದ ಸುಟ್ಟದ್ದೂ ಗೊತ್ತಾಗುವುದಿಲ್ಲ. ತಿಕ್ಕಿದರೆ ಒಳಗಿನ ಹಿಮದ ಹರಳು ಮಾಂಸವನ್ನು ಕೊಯ್ಯುತ್ತದೆ. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೇಬಾರದು, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ. ಸಿಯಾಚಿನ್ ಪದಕದ ಪಕ್ಕಕ್ಕೆ ಈ ಪುಟ ಇಟ್ಟಾಗಲೇ ಆ ಪದಕ ಏನೆಂದು ಮನೆಯವರಿಗೆ ತಿಳಿದದ್ದು.

‘ಎ-ಬೆ-ಬ, 2’ ಎಂಬುದನ್ನು ಯಾರೂ ಕೇಳಬೇಕಾಗಲಿಲ್ಲ. ಹೆಂಡತಿಗೆ ಗೊತ್ತಿತ್ತು: ಎಡ, ಬೆನ್ನು, ಬಲ, ಎರಡು ತಾಸಿಗೊಮ್ಮೆ. ಗಂಡ ನಿವೃತ್ತಿಯಾಗಿ ಬಂದ ಮೂರನೇ ವರ್ಷ ಗಂಡನ ತಾಯಿಗೆ ಲಕ್ವಾ ಹೊಡೆದು ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಿಸದೆ ಮಲಗಿದವರ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ಮೊಣಕೈಯಲ್ಲಿ, ತಲೆಯ ಹಿಂದೆ ಎಲುಬು ಒತ್ತಿ ರಕ್ತ ಓಡದೆ ಚರ್ಮ ಸಾಯುತ್ತದೆ. ಮೊದಲು ಕೆಂಪಗಾಗುತ್ತದೆ, ಒತ್ತಿ ಬಿಟ್ಟರೂ ಬೆಳ್ಳಗಾಗುವುದಿಲ್ಲ, ಅದು ಎಚ್ಚರಿಕೆ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿ ನಮ್ಮ ಕಡೆ ಬಹಳ, ಅದು ಹಾನಿಯನ್ನು ಹೆಚ್ಚಿಸುತ್ತದೆ. ಹಾಸಿಗೆಯ ಬಟ್ಟೆಗೆ ಮಡಿಕೆ ಇರಬಾರದು, ಹಸಿ ಇರಬಾರದು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ದಿಂಬು. ಎಳೆಯಬಾರದು, ಎತ್ತಿ ಹೊರಳಿಸಬೇಕು. ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಬೆನ್ನಿನ ಮೇಲೆ ಗಂಡ ಗೆರೆ ಎಳೆದು ಮನೆ ಹಾಕಿ ಹೊತ್ತು ಬರೆದಿದ್ದರು, ರಾತ್ರಿ 12, 2, 4 ಕೂಡ. ಆ ಹಾಳೆಗಳು ನೋಟ್‌ಬುಕ್ಕಿನ ಒಳಗೇ ಮಡಚಿ ಸಿಕ್ಕವು. ನಾಲ್ಕು ಗಂಟೆಯ ಮನೆಗಳಲ್ಲಿ ಗುರುತು ಹೆಂಡತಿಯದು, ಎರಡರ ಮನೆಗಳಲ್ಲಿ ಗಂಡನದು. ಹದಿನಾಲ್ಕು ತಿಂಗಳಲ್ಲಿ ಮುದುಕಿಯ ಮೈಮೇಲೆ ಒಂದು ಹುಣ್ಣೂ ಆಗಲಿಲ್ಲ.

ನೋಟ್‌ಬುಕ್ಕಿನಲ್ಲಿ ರೋಗಿಗಳ ಹೆಸರು, ಪಲ್ಟನ್ನು, ಕಾಯಿಲೆ ಇರುವ ಪುಟಗಳೂ ಇವೆ. ಅವನ್ನು ಮುದ್ರಿಸಲಿಲ್ಲ, ಮೊಬೈಲಿನಲ್ಲಿ ಹಂಚಲೂ ಇಲ್ಲ. ಆ ಗುಟ್ಟು ಆ ರೋಗಿಗಳದು. ಮೂವತ್ತು ವರ್ಷ ಅವರು ಬಾಯಿ ಬಿಡದ್ದನ್ನು ಸ್ಮರಣೆಯ ಹೆಸರಿನಲ್ಲಿ ಬಿಡಿಸಬಾರದು.

ಪಿಂಚಣಿಯ ಕಾಗದ

ಸ್ಮರಣೆಯ ನಡುವೆ ಇದನ್ನು ತರುವುದಕ್ಕೆ ಕಾರಣವಿದೆ. ಅದೇ ಡಿಸ್ಚಾರ್ಜ್ ಬುಕ್ಕು, ಅದೇ ಪಿಪಿಒ ಎರಡಕ್ಕೂ ಬೇಕು. ಹೆಂಡತಿಯ ಹಕ್ಕು ನೆಟ್ಟಗಾಗದೆ ಗಂಡನ ಪುಣ್ಯಸ್ಮರಣೆ ಮಾಡುವುದು ಅವರು ನಡೆಸಿದ ಸಂಸಾರಕ್ಕೆ ಒಪ್ಪುವ ಮಾತಲ್ಲ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು; ತಡವಾದಷ್ಟೂ ದಂಡ, ಅನುಮತಿ, ಕೊನೆಗೆ ದಂಡಾಧಿಕಾರಿಯ ಆದೇಶದವರೆಗೆ ಹೋಗುತ್ತದೆ. ಮರಣ ಪ್ರಮಾಣಪತ್ರದಲ್ಲಿ ಹೆಸರು ಪಿಪಿಒದಲ್ಲಿ ಇದ್ದಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಬೇಕು. ಪಿಂಚಣಿ ಸಾವಿನ ದಿನದವರೆಗೆ, ಮರುದಿನದಿಂದ ಕುಟುಂಬ ಪಿಂಚಣಿ. ಈ ಮನೆಯಲ್ಲಿ ಮಗ ತಿಳಿಯದೆ ಮುಂದಿನ ತಿಂಗಳು ಜಮೆಯಾದ ಹಣವನ್ನು ಎಟಿಎಮ್ಮಿನಿಂದ ತೆಗೆದ. ಅದು ಮುಂದೆ ಅವ್ವನ ಪಿಂಚಣಿಯಲ್ಲಿ ಕಡಿತವಾಯಿತು. ಸುದ್ದಿ ಮುಟ್ಟಿಸಬೇಕಾದದ್ದು ‘ಸ್ಪರ್ಶ್’ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಗೆ, ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿ ನಡೆಸುವಂಥದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಇದಕ್ಕೆ ನೆರವು ಸಿಗುತ್ತದೆ. ಜೊತೆಗೆ ಮರಣ ಪ್ರಮಾಣಪತ್ರ, ಪಿಪಿಒ, ಹೆಂಡತಿಯ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೊ.

ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಹೆಂಡತಿಯ ಹೆಸರು ‘ವ್ವ’ ಎಂದು ಮುಗಿಯುತ್ತದೆ. 1980ರ ದಶಕದಲ್ಲಿ ದೂರದ ಕ್ಲರ್ಕು ಒಬ್ಬರು ಸೈನ್ಯದ ಕಾಗದದಲ್ಲಿ ಅದನ್ನೇ ‘ಬಾಯಿ’ ಎಂದು ಬರೆದಿದ್ದರು. ಹುಟ್ಟಿದ ವರ್ಷವೂ ಎರಡು ವರ್ಷ ಹಿಂದೆ ಮುಂದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಈ ‘ವ್ವ-ಬಾಯಿ’ ತೊಡಕು ಬಹಳ. ಎರಡೂ ಹೆಸರು ಒಬ್ಬರವೇ ಎಂಬ ಪ್ರಮಾಣಪತ್ರ ಮಾಡಿಸಿ, ಗುರುತಿನ ದಾಖಲೆಗಳೊಂದಿಗೆ ರೆಕಾರ್ಡ್ ಆಫೀಸಿಗೆ ಕಳಿಸಿ ತಿದ್ದುಪಡಿ ಮಾಡಿಸಬೇಕಾಯಿತು. ಸೈನಿಕ ಬದುಕಿರುವಾಗ ಇದು ಅವರ ಒಂದು ಸಹಿಯ ಕೆಲಸ. ಓದುವವರ ಮನೆಯಲ್ಲಿ ನಿವೃತ್ತರಿದ್ದರೆ ಇಂದೇ ಪಿಪಿಒ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಮೊತ್ತದ ಬಗ್ಗೆ ಒಂದು ಮಾತು. ಮೊದಲು ಸಿಗುವುದು ಹೆಚ್ಚಿನ ದರ, ಕೊನೆಯ ವೇತನದ ಲೆಕ್ಕದ 50 ಶೇಕಡಾ. ಆಮೇಲೆ 30 ಶೇಕಡಾ. ಹೆಚ್ಚಿನ ದರ ಸಾವಿನಿಂದ 7 ವರ್ಷ, ಅಥವಾ ತೀರಿಕೊಂಡವರಿಗೆ 67 ತುಂಬುವವರೆಗೆ, ಯಾವುದು ಮೊದಲೋ ಅದು. ಇವರ ವಿಷಯದಲ್ಲಿ 7 ವರ್ಷ ಎಂದರೆ 2031ರ ನವೆಂಬರ್, 67 ತುಂಬುವುದು 2030ರ ಜೂನ್. ಆದ್ದರಿಂದ 2030ರ ನಡುವಿನಲ್ಲಿ ಪಿಂಚಣಿ ಇಳಿಯುತ್ತದೆ. ಲೆಕ್ಕದ ಮೂಲ 40,000 ಎಂದುಕೊಂಡರೆ 20,000 ಇದ್ದದ್ದು 12,000 ಆಗುತ್ತದೆ, ತುಟ್ಟಿಭತ್ಯೆ ಬೇರೆ. ಈ ದಿನಾಂಕ ಈಗಲೇ ಗೊತ್ತಿದ್ದರೆ ಆಗ ಗಾಬರಿಯಿಲ್ಲ, ಹೊಸ ಸಾಲ ಎತ್ತುವ ಮುಂಚೆ ಯೋಚಿಸಲೂ ಬರುತ್ತದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಚಿಕಿತ್ಸೆಯ ಹಕ್ಕು ಹೆಂಡತಿಗೆ ಮುಂದುವರಿಯುತ್ತದೆ. ಗಂಡನ ಕಾರ್ಡು ಮರಳಿಸಿ ತಮ್ಮದನ್ನು ಬದಲಿಸಿಕೊಳ್ಳಬೇಕು.

ಪುಸ್ತಿಕೆ, ಮತ್ತು ಆ ದಿನ

ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 16 ಪುಟ, 200 ಪ್ರತಿ ಎಂದಾಯಿತು. ಹಳೆಯ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆಯದೆ ಸ್ಕ್ಯಾನರಿನಲ್ಲಿ, ಸಣ್ಣ ಫೋಟೊ ಆದರೆ 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕೆ) ಮಾಡಿಸಿದರು. ಮಗಳು ಯುನಿಕೋಡಿನಲ್ಲಿ ಬರೆದು ಕಳಿಸಿದ ಬರಹವನ್ನು ಅಂಗಡಿಯಲ್ಲಿ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತುಗಳು ಜಾಗ ತಪ್ಪಿದವು. ‘ಆರ್ಮಿ’ ಹೋಗಿ ‘ಆಮಿರ್’ ಆಗಿತ್ತು, ‘ನರ್ಸಿಂಗ್’ ಓದಲಾರದಂತಾಗಿತ್ತು. ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬಾರದು. ಕಾಗದದ ಮೇಲೆ ಪ್ರೂಫ್ ತೆಗೆಸಿ, ಬರೆಯದ ಇನ್ನೊಬ್ಬರಿಂದ ಓದಿಸಬೇಕು. ಅರ್ಕಾವತ್ತು ಮತ್ತು ಇಸವಿ ಎರಡನ್ನೇ ಹುಡುಕುತ್ತಾ ಮತ್ತೊಮ್ಮೆ ಓದಬೇಕು.

ಆ ದಿನ ಬೆಳಿಗ್ಗೆ ಗದ್ದುಗೆ ಪೂಜೆ, ಮಧ್ಯಾಹ್ನ ಪ್ರಸಾದ. ಭಾಷಣಕ್ಕೆಂದು ಇಟ್ಟ ಹೊತ್ತಿನಲ್ಲಿ ಅರ್ಧ ತಾಸು ತೆಗೆದು ಆರೋಗ್ಯ ಕಾರ್ಯಕರ್ತೆಯರಿಂದ ಮೂರು ವಿಷಯ ಮಾಡಿ ತೋರಿಸಿದರು: ಸಕ್ಕರೆ-ಉಪ್ಪಿನ ನೀರು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಹಾವು ಕಚ್ಚಿದಾಗ ಏನು ಮಾಡಬಾರದು. ಕಬ್ಬು ಕಡಿಯುವ ಹಂಗಾಮು. ಕೊನೆಯದು ತುರ್ತಾಗಿ ಬೇಕಿತ್ತು. ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು. ಕಚ್ಚಿದ ಕೈಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ, ವಿಷನಿರೋಧಕ ಇರುವ ಆಸ್ಪತ್ರೆಗೆ ಒಯ್ಯಬೇಕು. ಮಗ್ಗುಲು ಬದಲಿಸುವುದನ್ನು ತೋರಿಸುವಾಗ ಕೋಲು ಹಿಡಿದು ಎದ್ದುಬಂದ ಹೆಂಡತಿ ಕಾರ್ಯಕರ್ತೆಯ ಕೈಯನ್ನು ಸರಿಪಡಿಸಿದರು: ಭುಜಕ್ಕಷ್ಟೇ ಅಲ್ಲ, ಟೊಂಕಕ್ಕೂ ಒಂದು ಕೈ ಇರಲಿ ಎಂದು.

ನೋಟ್‌ಬುಕ್ಕನ್ನು ಅಚ್ಚ ಹತ್ತಿಯ ತೊಳೆದ ಬಟ್ಟೆಯಲ್ಲಿ ಸುತ್ತಿ, ಪತ್ರಗಳನ್ನು ಪ್ಲಾಸ್ಟಿಕ್ ಚೀಲ ಬಿಟ್ಟು ಕಾಗದದ ಲಕೋಟೆಯಲ್ಲಿ ಹಾಕಿ ಟ್ರಂಕಿಗೆ ಮರಳಿಸಿದ್ದಾರೆ. ನುಸಿಗುಳಿಗೆ, ಬೇವಿನ ಎಲೆ ಎರಡೂ ಬಟ್ಟೆಯ ಹೊರಗೆ, ಕಾಗದಕ್ಕೆ ತಾಗದಂತೆ. ಮುಚ್ಚಳದ ಒಳಬದಿಗೆ ಮಗಳು ಒಂದು ಹಾಳೆ ಕಟ್ಟಿದ್ದಾಳೆ: ಎರಡೂ ನಂಬರು, ಮೂಲ ಯಾವುದು, ನಕಲು ಯಾರ ಹತ್ತಿರ, ಅವ್ವ ಬದುಕಿರುವ ಪ್ರಮಾಣಪತ್ರ ವರ್ಷಕ್ಕೊಮ್ಮೆ ಕೊಡಬೇಕಾದ ತಿಂಗಳು, 2030ರ ಜೂನ್.